ಬೇವಾರಸು ಗುರುವಿನ ಋಣ

ಪ್ರತಿ ವರ್ಷವೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯಕ್ಕೂ ಧಾರವಾಡದ ಸತ್ತೂರಿನಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯಕ್ಕೂ ನಮ್ಮ ನಾಡಿನ ನೂರಾರು ತರುಣ ತರುಣಿಯರು ಬಂದು ಸೇರುವರು. ಮಗನಿಗೆ ಜಾಗ ದೊರೆಯಿತೆಂಬ ಸುದ್ದಿಯು ಬಂದ ದಿನ ತಂದೆತಾಯಿಗಳು ಓಣಿಗೆಲ್ಲ ಪೇಢೆ ಹಂಚುವರು. ಹಳ್ಳಿಯ ಶಾಲೆಯಲ್ಲಿ ಆ ಹುಡುಗನಿಗೆ ಅಕ್ಷರ ತಿದ್ದಿಸಿದ ಮಾಸ್ತರರು ತಮ್ಮ ಶ್ರಮವು ಸಾರ್ಥಕವಾಯಿತೆಂದು ಹಿಗ್ಗುವರು. ಇದೆಲ್ಲವೂ ಯೋಗ್ಯವೇ. ಆದರೆ ಆ ವಿದ್ಯಾರ್ಥಿಗೆ ಅಲ್ಲಿ ಮೊಟ್ಟಮೊದಲು ಪಾಠ ಹೇಳುವ ಗುರುವು ಯಾರೆಂಬದನ್ನು ನಮ್ಮಲ್ಲಿ ವಿಚಾರಿಸಿದವರು ಎಷ್ಟು ಜನರು? ಆ ಗುರುವಿಗೆ ಸಂಬಳವಿಲ್ಲ, ಹುದ್ದೆಯಿಲ್ಲ, ಬಹುಶಃ ಹೆಸರೂ ಇಲ್ಲ. ಫಾರ್ಮಾಲಿನ್ನಿನ ವಾಸನೆಯು ಮೂಗಿಗೆ ಬಡಿಯುವ ಒಂದು ಉದ್ದನೆಯ ಕೋಣೆಯಲ್ಲಿ, ಮೇಜಿನ ಮೇಲೆ, ಮಾತಿಲ್ಲದೆ ಆತನು ಮಲಗಿರುವನು. ಮನುಷ್ಯದೇಹದ ರಚನೆಯನ್ನು ತನ್ನ ದೇಹದಿಂದಲೇ ಕಲಿಸುವ ಆ ಮೃತನೇ ಪ್ರತಿಯೊಬ್ಬ ವೈದ್ಯನ ಆದಿಗುರುವು.

ಈ ಗುರುವನ್ನು ನಮ್ಮ ಸಮಾಜವು ಯಾವ ಹೆಸರಿನಿಂದ ಕರೆಯುತ್ತದೆ ಬಲ್ಲಿರಾ? ಬೇವಾರಸು ಹೆಣವೆಂದು. ವಾರಸು ಎಂಬದು ನಮ್ಮ ಕೋರ್ಟು ಕಚೇರಿಗಳ ಮಾತು. ಸತ್ತವನ ಆಸ್ತಿಗೆ ಹಕ್ಕುದಾರನು ವಾರಸುದಾರನು. ಅಂಥವನು ಯಾರೂ ಇಲ್ಲದವನು ಬೇವಾರಸು. ಕಚೇರಿಯ ಈ ಶಬ್ದವು ಬೀದಿಗಿಳಿದು ಬೈಗಳಾಗಿ ಹೋಯಿತು. ಆಸ್ಪತ್ರೆಯಲ್ಲಿ ಅಸು ನೀಗಿದ ಒಬ್ಬಾತನ ದೇಹವನ್ನು ಒಯ್ಯಲು ಯಾರೂ ಬಾರದೆ ಹೋದಾಗ, ಕಾಯಿದೆಯ ಕ್ರಮದಂತೆ ಅದನ್ನು ಅಂಗರಚನಾಶಾಸ್ತ್ರದ ವಿಭಾಗಕ್ಕೆ ಒಪ್ಪಿಸುವರು. ಆತನು ಯಾರಿರಬಹುದು? ಮಳೆ ಹೋದ ವರ್ಷ ಹೊಟ್ಟೆಪಾಡಿಗಾಗಿ ಹುಬ್ಬಳ್ಳಿಗೆ ಬಂದ ಕೂಲಿಯವನಿರಬಹುದು. ರೇಲ್ವೆ ನಿಲ್ದಾಣದಲ್ಲಿ ಹೊರೆ ಹೊತ್ತವನಿರಬಹುದು. ಸಿದ್ಧಾರೂಢ ಮಠದ ದಾಸೋಹದಲ್ಲಿ ಉಂಡು ಅಂಗಡಿಯ ಕಟ್ಟೆಯ ಮೇಲೆ ಮಲಗಿ ದಿನ ಕಳೆದ ಮುದುಕಿಯೂ ಇರಬಹುದು. ಬದುಕಿದ್ದಾಗ ಅವರಿಗೆ ನಾವು ಏನನ್ನೂ ಕೊಡಲಿಲ್ಲ. ಸತ್ತ ಮೇಲೆ ಅವರು ನಮ್ಮ ಮಕ್ಕಳಿಗೆ ವಿದ್ಯೆಯನ್ನು ಕೊಟ್ಟರು. ಈ ಋಣವನ್ನು ತೀರಿಸುವ ಹೊಣೆಯು ಸುಶಿಕ್ಷಿತರ ಮೇಲೆ ಇದೆಯೆಂಬದೂ, ಅದನ್ನು ತೀರಿಸುವ ಮಾರ್ಗವು ದೇಹದಾನವೊಂದೇ ಎಂಬದೂ ನಮ್ಮ ಮತವು. ಅದನ್ನು ವಾಚಕರ ಮುಂದಿಡುವದಕ್ಕಾಗಿಯೇ ಈ ಲೇಖನ.

ಮೃತದೇಹವನ್ನು ಕೊಯ್ದು ಕಲಿಯುವ ಅವಶ್ಯಕತೆಯಾದರೂ ಏನು, ಪುಸ್ತಕಗಳಿಲ್ಲವೇ, ಚಿತ್ರಗಳಿಲ್ಲವೇ, ಈಗಂತೂ ಗಣಕಯಂತ್ರದ ಪರದೆಯ ಮೇಲೆ ದೇಹದ ಪದರುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಮೇಜುಗಳು ಬಂದಿರುವವಲ್ಲ ಎಂದು ಕೇಳುವವರುಂಟು. ಅವರಿಗೆ ನಾವು ದಿನನಿತ್ಯದ ಒಂದು ಉದಾಹರಣೆಯನ್ನು ಹೇಳುವೆವು. ಜ್ವರವೋ ಬೇನೆಯೋ ಬಂದಾಗ ಕುಂಡೆಗೆ ಸೂಜಿ ಚುಚ್ಚಿಸಿಕೊಳ್ಳದವರು ನಮ್ಮಲ್ಲಿ ವಿರಳ. ಆ ಜಾಗದ ಒಳಗೆ ಮನುಷ್ಯದೇಹದಲ್ಲಿಯೇ ಅತ್ಯಂತ ದಪ್ಪನಾದ ನರವು ಸೊಂಟದಿಂದ ಕಾಲಿಗೆ ಇಳಿಯುತ್ತದೆ. ಸೂಜಿಯು ಮೇಲ್ಭಾಗದ ಹೊರಮೂಲೆಯಲ್ಲಿ ಚುಚ್ಚಿದರೆ ಕ್ಷೇಮ. ಕೆಳಗೋ ಒಳಗೋ ಜಾರಿ ನರಕ್ಕೆ ತಾಗಿದರೆ ಪಾದವು ಜೋತುಬಿದ್ದು ಮನುಷ್ಯನು ಕುಂಟನಾಗುವನು. ಎರಡು ನಿಮಿಷದ ಇಷ್ಟು ಸಣ್ಣ ಕೆಲಸದ ಹಿಂದೆಯೂ ಯಾರದೋ ದೇಹವನ್ನು ಬಿಡಿಸಿ ನೋಡಿ, ಆ ನರವು ಎಲ್ಲಿ ಹಾಯ್ದಿದೆಯೆಂದು ಕಣ್ಣಾರೆ ಕಂಡವರ ತಿಳಿವಳಿಕೆಯಿದೆ.

ಇನ್ನು ಶಸ್ತ್ರಕ್ರಿಯೆಯ ಮಾತು. ಕೊರಳಿನ ಥೈರಾಯಿಡ್ ಗ್ರಂಥಿಯ ಬೆನ್ನಿಗೆ ಹತ್ತಿಕೊಂಡು ಧ್ವನಿಯನ್ನು ಆಳುವ ನರವು ಎರಡೂ ಬದಿಗೆ ಮೇಲೇರುತ್ತದೆ. ಗ್ರಂಥಿಯನ್ನು ತೆಗೆಯುವಾಗ ಆ ನರಕ್ಕೆ ಪೆಟ್ಟಾದರೆ ರೋಗಿಯ ದನಿಯು ಒಡೆದು ಹೋಗುವದು. ನಾವು ವಕೀಲರು, ನೀವು ಮಾಸ್ತರರು. ಇಬ್ಬರ ಹೊಟ್ಟೆಯೂ ಕಂಠದ ಮೇಲೆಯೇ ನಡೆಯುವದಾದ್ದರಿಂದ ಈ ನರದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಪಿತ್ತಕೋಶದಲ್ಲಿ ಕಲ್ಲಾಗಿ ಅದನ್ನು ತೆಗೆಸಿಕೊಂಡವರಂತೂ ಈಗ ಓಣಿಗೊಬ್ಬರು ಸಿಗುವರು. ಪಿತ್ತಕೋಶದ ನಾಳವೂ ಅದಕ್ಕೆ ರಕ್ತ ತರುವ ಧಮನಿಯೂ ಪುಸ್ತಕದ ಚಿತ್ರದಲ್ಲಿ ಒಂದು ರೀತಿಯಾಗಿ ಇರುವವು. ಪ್ರತ್ಯಕ್ಷ ದೇಹಗಳಲ್ಲಿಯಾದರೋ ಒಬ್ಬನಲ್ಲಿ ಹಾಗೆ, ಇನ್ನೊಬ್ಬನಲ್ಲಿ ಹೀಗೆ. ಶಸ್ತ್ರವೈದ್ಯನು ಮುಖ್ಯ ಪಿತ್ತನಾಳವನ್ನೇ ಪಿತ್ತಕೋಶದ ನಾಳವೆಂದು ಭ್ರಮಿಸಿ ಕತ್ತರಿಸಿದನೆಂದರೆ ಆ ರೋಗಿಯ ಮುಂದಿನ ಆಯುಷ್ಯವೆಲ್ಲ ಆಸ್ಪತ್ರೆಯ ಪಾಲು. ಚಿತ್ರವು ಎಲ್ಲರ ದೇಹವೂ ಒಂದೇ ಎಂದು ಹೇಳುತ್ತದೆ. ಪ್ರತಿಯೊಬ್ಬನ ಮುಖವು ಬೇರೆ ಇರುವಂತೆ ಒಳಗೂ ಬೇರೆ ಇರುವದೆಂಬ ಸತ್ಯವನ್ನು ಹೇಳಬಲ್ಲದ್ದು ದೇಹವೊಂದೇ. ಪರದೆಯ ಮೇಜು ಪಾಠಕ್ಕೆ ಸಹಾಯಕವು ನಿಜ. ಆದರೆ ಚರ್ಮದ ಬಿಗಿ, ಕೊಬ್ಬಿನ ಜಾರು, ನರಕ್ಕೂ ನಾಳಕ್ಕೂ ಇರುವ ಭೇದ, ಇವು ಬೆರಳಿಗೆ ತಿಳಿಯಬೇಕಾದವುಗಳು. ಈಜುವದನ್ನು ಕೆರೆಯಲ್ಲಿಯೇ ಕಲಿಯಬೇಕು.

ಈ ವಿದ್ಯೆಯು ಪರದೇಶದಿಂದ ಬಂದ ಹೊಲಸು ಕೆಲಸವೆಂದು ತಿಳಿಯುವವರು ನಮ್ಮ ಪೂರ್ವಜರ ಗ್ರಂಥಗಳನ್ನು ತೆರೆದು ನೋಡಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಶವಪರೀಕ್ಷೆಯ ಕ್ರಮವು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಅಂಗಾಂಗಗಳೆಲ್ಲ ಪೂರ್ಣವಾಗಿರುವ, ವಿಷದಿಂದ ಸಾಯದ, ದೀರ್ಘರೋಗದಿಂದ ನವೆಯದ, ಅತಿ ಮುಪ್ಪಿನದಲ್ಲದ ದೇಹವನ್ನು ಆರಿಸಿ, ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಸ್ಥಳದಲ್ಲಿ ಹರಿಯುವ ನೀರಿನೊಳಗೆ ಏಳು ರಾತ್ರಿ ಇರಿಸಬೇಕು. ಬಳಿಕ ತೆಗೆದು ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಒಳಗಿನ ಹಾಗೂ ಹೊರಗಿನ ಒಂದೊಂದು ಅಂಗವನ್ನೂ ಕಣ್ಣಿನಿಂದ ನೋಡಬೇಕು. ಗ್ರಂಥದಿಂದ ತಿಳಿದುದು ಕಣ್ಣಿಂದ ಕಂಡುದರೊಡನೆ ಕೂಡಿದಾಗಲೇ ಜ್ಞಾನವು ಬೆಳೆಯುವದೆಂಬದು ಆ ಮಹಾವೈದ್ಯನ ಅಭಿಪ್ರಾಯ. ಆತನು ಎಲುಬುಗಳು 300 ಎಂದು ಎಣಿಸಿದನು. ಚರಕಸಂಹಿತೆಯಲ್ಲಿ ಲೆಕ್ಕವು 360. ಈಗಿನ ಶಾಸ್ತ್ರದ ಪ್ರಕಾರ ಪ್ರೌಢ ಮನುಷ್ಯನಲ್ಲಿ 206. ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಎಲುಬೆಂದೇ ಹಿಡಿದುದರಿಂದ ಲೆಕ್ಕವು ಹೆಚ್ಚಿತು. ಸಂಖ್ಯೆಯು ತಪ್ಪಿರಬಹುದು, ನೋಡಿ ತಿಳಿಯಬೇಕೆಂಬ ಧೈರ್ಯವು ತಪ್ಪಾಗಿರಲಿಲ್ಲ.

ಆ ಧೈರ್ಯವನ್ನು ನಾವು ಕಳೆದುಕೊಂಡೆವು. ಹೆಣವನ್ನು ಮುಟ್ಟಿದರೆ ಮೈಲಿಗೆಯೆಂಬ ಭಾವನೆಯು ಬಲಿತಂತೆ ಕೊಯ್ದು ನೋಡುವ ಪಾಠವು ಅಳಿಯಿತು, ಬಾಯಿಪಾಠವು ಉಳಿಯಿತು. ಕನ್ನಡದಲ್ಲಿ ವೈದ್ಯಗ್ರಂಥಗಳಿಗೇನೂ ಕೊರತೆಯಿರಲಿಲ್ಲ. ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು ಕನ್ನಡಿಸಿದನು. 14ನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿಸ್ತರಿಸಿದನು. ಔಷಧದ ಜ್ಞಾನವು ಹೀಗೆ ಮುಂದುವರಿದರೂ ದೇಹದ ಒಳಗನ್ನು ತೆರೆದು ನೋಡುವ ಕಾರ್ಯವು ನಿಂತುಹೋಯಿತು. ಯುರೋಪಿನಲ್ಲಿಯೂ ಬಹುಕಾಲ ಇದೇ ಗತಿಯಿತ್ತು. ಗ್ರೀಕ ವೈದ್ಯನಾದ ಗ್ಯಾಲೆನನು ಮಂಗ ಮೊದಲಾದ ಪ್ರಾಣಿಗಳನ್ನು ಕೊಯ್ದು ಬರೆದುದನ್ನೇ ಮನುಷ್ಯನ ವಿಷಯವಾಗಿಯೂ ಸತ್ಯವೆಂದು ಸಾವಿರಕ್ಕೂ ಮಿಕ್ಕಿದ ವರ್ಷ ನಂಬಿದರು. 1543ರಲ್ಲಿ ವೆಸಾಲಿಯಸನೆಂಬ ಪ್ರಾಧ್ಯಾಪಕನು ಮನುಷ್ಯದೇಹವನ್ನೇ ಬಿಡಿಸಿ ನೋಡಿ, ಕೆಳದವಡೆಯು ಗ್ಯಾಲೆನನು ಹೇಳಿದಂತೆ ಎರಡು ಎಲುಬಲ್ಲ, ಒಂದೇ ಎಂದು ತೋರಿಸಿದನು. ಎಲ್ಲರ ಮುಖದಲ್ಲಿಯೂ ಇರುವ ಎಲುಬಿನ ವಿಷಯದಲ್ಲಿಯೇ ಇಂಥ ತಪ್ಪು ಇಷ್ಟು ಕಾಲ ನಡೆಯಿತೆಂದರೆ, ಕಣ್ಣಿಟ್ಟು ನೋಡದ ವಿದ್ಯೆಯ ಗತಿಯೇನೆಂಬದು ತಿಳಿಯುವದು.

ನಮ್ಮ ದೇಶದಲ್ಲಿ ಆ ಮುಚ್ಚಿದ ಬಾಗಿಲನ್ನು ಪುನಃ ತೆರೆದ ಕೀರ್ತಿಯು ಕಲಕತ್ತೆಯ ಪಂಡಿತ ಮಧುಸೂದನ ಗುಪ್ತರದು. ವೈದ್ಯರ ಮನೆತನದ ಈ ಸಂಸ್ಕೃತ ವಿದ್ವಾಂಸರು 1836ರಲ್ಲಿ ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ, ಜನಾಪವಾದಕ್ಕೆ ಅಂಜದೆ, ಕೈಯಲ್ಲಿ ಶಸ್ತ್ರವನ್ನು ಹಿಡಿದರು. ಬಳಿಕ 1845ರಲ್ಲಿ ಮುಂಬಯಿಯಲ್ಲಿ ಗ್ರಾಂಟ್ ಕಾಲೇಜೂ 1924ರಲ್ಲಿ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜೂ ಹುಟ್ಟಿದವು. ಮುಂಬಯಿ ಕರ್ನಾಟಕದ ಹುಡುಗನು ಮಾತ್ರ ವೈದ್ಯನಾಗಬೇಕಾದರೆ ಬಹುಕಾಲ ಮುಂಬಯಿ, ಪುಣೆಗಳ ದಾರಿಯನ್ನೇ ಹಿಡಿಯಬೇಕಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿತು. ಮರು ವರ್ಷವೇ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಮಹಾವಿದ್ಯಾಲಯವು ತಲೆಯೆತ್ತಿತು. ಏಕೀಕರಣದಿಂದ ಏನಾಯಿತೆಂದು ಕೇಳುವವರಿಗೆ ಆ ಕಟ್ಟಡವನ್ನು ತೋರಿಸಿದರೆ ಸಾಕು.

ಅದೇ 1957ರಲ್ಲಿ ನಮ್ಮ ರಾಜ್ಯದ ಅಂಗರಚನಾಶಾಸ್ತ್ರ ಕಾಯಿದೆಯೂ ಬಂದಿತು. ಅದಕ್ಕೆ ಮೊದಲು, 1949ರಲ್ಲಿ, ಮುಂಬಯಿ ಪ್ರಾಂತದಲ್ಲಿ ಅಂಥದೇ ಕಾಯಿದೆಯಾಗಿತ್ತು. ಹಕ್ಕುದಾರರು ಬಾರದ ಮೃತದೇಹಗಳನ್ನು ವೈದ್ಯಶಿಕ್ಷಣದ ಸಂಸ್ಥೆಗಳಿಗೆ ಒದಗಿಸುವದೇ ಈ ಕಾಯಿದೆಗಳ ಮೂಲೋದ್ದೇಶ. ಇವುಗಳ ಹಿಂದೆ ಒಂದು ಕ್ರೂರವಾದ ಇತಿಹಾಸವಿರುವದು. ಇಂಗ್ಲಂಡಿನಲ್ಲಿ 1752ರ ಕಾಯಿದೆಯಂತೆ ಕೊಲೆಗಡುಕನನ್ನು ಗಲ್ಲಿಗೇರಿಸಿ ಅವನ ಹೆಣವನ್ನು ಕೊಯ್ಯುವದು ಶಿಕ್ಷೆಯ ಒಂದು ಭಾಗವಾಗಿತ್ತು. ಕಾಲೇಜುಗಳು ಹೆಚ್ಚಿದವು, ಹೆಣಗಳು ಸಾಲದಾದವು, ಗೋರಿಗಳನ್ನು ಅಗಿದು ಕದಿಯುವ ದಂಧೆಯು ಬೆಳೆಯಿತು. 1828ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು ಆ ಹೆಣಗಳನ್ನು ಅಂಗರಚನೆಯ ಒಬ್ಬ ಅಧ್ಯಾಪಕನಿಗೆ ಮಾರಿದರು. ಇದರಿಂದ ತಲ್ಲಣಿಸಿದ ಪಾರ್ಲಿಮೆಂಟು 1832ರಲ್ಲಿ ಹೊಸ ಕಾಯಿದೆಯನ್ನು ಮಾಡಿ, ದರಿದ್ರಾಲಯ ಆಸ್ಪತ್ರೆಗಳಲ್ಲಿ ಸತ್ತು ಯಾರೂ ಕೇಳದೆ ಉಳಿದವರ ದೇಹಗಳನ್ನು ಕಾಲೇಜುಗಳಿಗೆ ಕೊಡಿಸಿತು. ಕಳ್ಳತನವೂ ಕೊಲೆಯೂ ನಿಂತವು. ಆದರೆ ನಿನ್ನೆಯವರೆಗೆ ಕೊಲೆಗಡುಕನಿಗೆ ಶಿಕ್ಷೆಯಾಗಿದ್ದುದು ಇಂದು ಬಡವನ ಪಾಲಿಗೆ ಬಂದಿತೆಂಬದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ಕಾಯಿದೆಗಳೂ ಆ ಬೇರಿನಿಂದಲೇ ಚಿಗುರಿದವು.

ಅದೇ 1832ರಲ್ಲಿ ನ್ಯಾಯಶಾಸ್ತ್ರಜ್ಞನಾದ ಜೆರೆಮಿ ಬೆಂಥಾಮನು ತೀರಿಕೊಂಡನು. ತನ್ನ ದೇಹವನ್ನು ಪಾಠಕ್ಕಾಗಿ ಕೊಯ್ಯಬೇಕೆಂದು ಆತನು ಬರೆದಿಟ್ಟಿದ್ದನು, ಹಾಗೆಯೇ ನಡೆಯಿತು. ಬಡವರ ಮೇಲೆ ಕಾಯಿದೆಯು ಹೊರಿಸಿದುದನ್ನು ಆ ಕಾಯಿದೆಪಂಡಿತನು ತಾನಾಗಿ ಹೊತ್ತನು. ನಮ್ಮ ವೃತ್ತಿಯವರು ಈ ಮಾತನ್ನು ನೆನಪಿನಲ್ಲಿಡಬೇಕು.

ಇಂಥ ದೃಷ್ಟಾಂತಕ್ಕೆ ಸಮುದ್ರವನ್ನು ದಾಟಿ ಹೋಗಬೇಕಾಗಿಯೂ ಇಲ್ಲ. ಧಾರವಾಡದ ನೆರೆಯಲ್ಲಿಯೇ ಇರುವ ಬೈಲಹೊಂಗಲದಲ್ಲಿ ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ವೈದ್ಯರಿದ್ದರು. ತಮ್ಮ ದೇಹವನ್ನು ವಿದ್ಯಾರ್ಥಿಗಳಿಗೆ ಕೊಡಬೇಕು, ತಮ್ಮ ಮಗನೇ ಅದನ್ನು ಬಿಡಿಸಿ ಪಾಠ ಹೇಳಬೇಕೆಂದು ಅವರ ಇಚ್ಛೆಯಿತ್ತು. ಮಗ ಡಾ. ಮಹಾಂತೇಶ ರಾಮಣ್ಣವರರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಬಿ. ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರರಚನೆಯ ಅಧ್ಯಾಪಕರು. 2008ರಲ್ಲಿ ತಂದೆ ತೀರಿಕೊಂಡರು. ದೇಹವನ್ನು ಕೆಡದಂತೆ ಕಾಯ್ದಿಡಲಾಯಿತು. 2010ರ ನವೆಂಬರದಲ್ಲಿ ಮಗನು ವಿದ್ಯಾರ್ಥಿಗಳೆದುರಿಗೆ ತಂದೆಯ ದೇಹದ ಮೇಲೆ ಶಸ್ತ್ರವನ್ನಿಟ್ಟು ಪಾಠವನ್ನು ನಡೆಯಿಸಿದರು. ಸುದ್ದಿಯನ್ನು ಕೇಳಿದ ಕೆಲವರು ಕಿವಿ ಮುಚ್ಚಿಕೊಂಡಿರಬಹುದು. ನಮಗಾದರೋ ಅದರಲ್ಲಿ ಕಂಡದ್ದು ಪಿತೃಭಕ್ತಿಯ ಪರಾಕಾಷ್ಠೆ. ತಂದೆಯ ಮಾತನ್ನು ನಡೆಸಿಕೊಡುವದಕ್ಕಿಂತ ಮಿಗಿಲಾದ ಶ್ರಾದ್ಧವು ಯಾವದು?

ಈ ದಾನಕ್ಕೆ ಮತಪಕ್ಷಗಳ ಭೇದವೂ ಇಲ್ಲ. 2010ರ ಜನವರಿಯಲ್ಲಿ ಬಂಗಾಲದ ಕಮ್ಯುನಿಸ್ಟ್ ಮುಖಂಡ ಜ್ಯೋತಿ ಬಸುರವರು ತೀರಿಕೊಂಡಾಗ ಅವರ ದೇಹವು ಕಲಕತ್ತೆಯ ಆಸ್ಪತ್ರೆಗೆ ಹೋಯಿತು. ಮರು ತಿಂಗಳೇ ಚಿತ್ರಕೂಟದಲ್ಲಿ ತೀರಿಕೊಂಡ ಸಂಘದ ಹಿರಿಯ ನಾನಾಜಿ ದೇಶಮುಖರ ದೇಹವು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಗೆ ಹೋಯಿತು. 2024ರಲ್ಲಿ ಸೀತಾರಾಮ ಯೆಚೂರಿಯವರ ದೇಹವೂ ಆ ಸಂಸ್ಥೆಗೇ ಸೇರಿತು. ಬದುಕಿನುದ್ದಕ್ಕೂ ಒಂದೇ ವೇದಿಕೆಯ ಮೇಲೆ ಕೂಡ್ರದ ಪಕ್ಷಗಳವರು ಈ ಒಂದು ವಿಷಯದಲ್ಲಿ ಒಂದೇ ದಾರಿಯನ್ನು ಹಿಡಿದರು.

ನೇತ್ರದಾನದ ಮಾತು ನಮ್ಮ ಜನಕ್ಕೆ ಈಗ ಹೊಸದಲ್ಲ. 2006ರಲ್ಲಿ ಡಾ. ರಾಜಕುಮಾರರ ಕಣ್ಣುಗಳೂ 2021ರಲ್ಲಿ ಪುನೀತ ರಾಜಕುಮಾರರ ಕಣ್ಣುಗಳೂ ದಾನವಾದ ಮೇಲೆ ಹಳ್ಳಿಹಳ್ಳಿಯ ತರುಣರು ಅರ್ಜಿಗೆ ಸಹಿ ಹಾಕಿದರು. ಕಣ್ಣು ಕೊಡಲು ಒಪ್ಪಿದ ಜನರು ದೇಹ ಕೊಡಲು ಏಕೆ ಹಿಂದೆಗೆಯುವರು? ಅಂತ್ಯಕ್ರಿಯೆಯಾಗದಿದ್ದರೆ ಸದ್ಗತಿಯಿಲ್ಲವೆಂಬ ಅಂಜಿಕೆಯು ಮೊದಲನೆಯ ಕಾರಣ. ದಧೀಚಿ ಮಹರ್ಷಿಯು ವಜ್ರಾಯುಧಕ್ಕಾಗಿ ತನ್ನ ಎಲುಬುಗಳನ್ನೇ ಕೊಟ್ಟ ಕಥೆಯನ್ನು ಶಾಲೆಯಲ್ಲಿ ಹೇಳದ ಮಾಸ್ತರರಿಲ್ಲ. ಆ ಋಷಿಗೆ ಸದ್ಗತಿ ತಪ್ಪಿತೆಂದು ಯಾವ ಪುರಾಣವೂ ಹೇಳಲಿಲ್ಲ. ಕಾಯಕ ದಾಸೋಹಗಳನ್ನು ಬೋಧಿಸಿದ ಶರಣರ ನಾಡಿನವರಾದ ನಮಗೆ, ಕಾಯಕವು ನಿಂತ ಮೇಲೆ ಕಾಯವನ್ನೇ ದಾಸೋಹಕ್ಕೆ ಇಡುವದು ಪರಕೀಯವಾಗಿ ತೋರಬಾರದು. ಮನೆಯವರು ದೇಹಕ್ಕೆ ಪೂಜೆ ಸಲ್ಲಿಸಿಯೇ ಕಳುಹಬಹುದು. ಮುಂದಿನ ದಿನಕರ್ಮಗಳನ್ನು ಭಾವಚಿತ್ರವನ್ನಿಟ್ಟು ನಡೆಸಬಹುದು. ತಮ್ಮ ಧರ್ಮವು ಇದನ್ನು ನಿಷೇಧಿಸಿದೆಯೆಂದು ಮನಃಪೂರ್ವಕ ನಂಬಿದವರನ್ನು ನಾವು ಒತ್ತಾಯಿಸುವದಿಲ್ಲ. ದಾನವು ಬಲವಂತದಿಂದ ಆಗತಕ್ಕದ್ದಲ್ಲ.

ಜನರು ಏನೆನ್ನುವರೋ ಎಂಬದು ಎರಡನೆಯ ಅಂಜಿಕೆ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ತಮ್ಮ ದೇಹವನ್ನು ರೂಢಿಯಂತೆ ಸಮಾಧಿ ಮಾಡದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕವನ್ನು ಕಟ್ಟಬಾರದು ಎಂದು 2014ರಲ್ಲಿಯೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾವಧಿ ಭಕ್ತರು ನೆರೆದಿದ್ದರೂ ಆ ಪತ್ರದಂತೆಯೇ ನಡೆಯಿತು. ಅದು ದೇಹದಾನವಲ್ಲವೆಂಬದು ನಿಜ. ಆದರೆ ತನ್ನ ದೇಹದ ವಿಷಯದಲ್ಲಿ ಒಬ್ಬನು ಮೊದಲೇ ತಿಳಿಸಿದ ಇಚ್ಛೆಯು ರೂಢಿಗಿಂತ ಬಲವುಳ್ಳದ್ದೆಂದು ನಮ್ಮ ಜನರು ಒಪ್ಪಬಲ್ಲರೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮೊದಲೇ ತಿಳಿಸಿದ ಇಚ್ಛೆ ಎಂದೆವು. ಅದರಲ್ಲಿಯೇ ಎಲ್ಲ ಮರ್ಮವೂ ಇರುವದು. ನಮ್ಮ ವೃತ್ತಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆವು. ಕೆಲವು ವರ್ಷಗಳ ಹಿಂದೆ ಧಾರವಾಡದ ನಿವೃತ್ತ ಮಾಸ್ತರರೊಬ್ಬರು ನಮ್ಮಲ್ಲಿಗೆ ಬಂದು ಮೃತ್ಯುಪತ್ರವನ್ನು ಬರೆಯಿಸಿದರು. ಮನೆ, ಹೊಲ, ಬ್ಯಾಂಕಿನ ಠೇವಣಿ ಎಲ್ಲದರ ವಿಲೇವಾರಿಯಾದ ಮೇಲೆ ಕಡೆಯ ಕಲಮಿನಲ್ಲಿ ತಮ್ಮ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೊಡಬೇಕೆಂದು ಸೇರಿಸಿದರು. "ನಲವತ್ತು ವರ್ಷ ಪಾಠ ಹೇಳಿನಿ, ಇನ್ನೊಂದು ವರ್ಷ ಹೇಳತೀನಿ" ಎಂದು ನಕ್ಕರು. ನಾವು ಪತ್ರವನ್ನು ಮೊಹರು ಮಾಡಿ ಕೊಟ್ಟೆವು, ಅವರು ಅದನ್ನು ಟ್ರೆಜರಿಯಲ್ಲಿ ಇಟ್ಟುಕೊಂಡರು. ಒಂದು ಬೇಸಿಗೆಯ ಮುಂಜಾವಿನಲ್ಲಿ ಅವರು ನಿದ್ದೆಯಲ್ಲಿಯೇ ತೀರಿಕೊಂಡರು. ಸಂಜೆಯೊಳಗೆ ದಹನವಾಯಿತು. ಹದಿಮೂರನೆಯ ದಿನದ ಕಾರ್ಯವು ಮುಗಿದ ಬಳಿಕ ಮಕ್ಕಳು ಲಕ್ಕೋಟಿಯನ್ನು ಹಿಡಿದು ನಮ್ಮ ಕಚೇರಿಗೆ ಬಂದರು. ಕಡೆಯ ಕಲಮನ್ನು ಓದಿದಾಗ ಹಿರಿಯ ಮಗನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ವಕೀಲ ಸಾಹೇಬ್ರ, ಅಪ್ಪಾರು ಒಂದು ಮಾತು ಮೊದಲ ಹೇಳಿದ್ರ ನಾವು ಬ್ಯಾಡ ಅಂತಿದ್ವೇನ್ರಿ?" ಎಂದು ಕೇಳಿದನು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ಮಾಸ್ತರರದಲ್ಲ, ನಮ್ಮದು. ಆಸ್ತಿಯ ಕಾಗದವು ಸತ್ತ ಮೇಲೆ ತೆರೆಯತಕ್ಕದ್ದು. ದೇಹದ ಮಾತು ಬದುಕಿದ್ದಾಗಲೇ ತೆರೆಯತಕ್ಕದ್ದು. ಇಷ್ಟು ಸಣ್ಣ ವಿಷಯವನ್ನು ನಾವು ಅವರಿಗೆ ಹೇಳದೆ ಹೋದೆವು.

ಕಾಯಿದೆಯ ದೃಷ್ಟಿಯಿಂದಲೂ ವಾಚಕರು ಇದನ್ನು ತಿಳಿದುಕೊಳ್ಳಬೇಕು. ಮೃತದೇಹವು ಮನೆ ಹೊಲಗಳಂಥ ಆಸ್ತಿಯಲ್ಲ. ವ್ಯವಹಾರದಲ್ಲಿ ಮನೆಯವರು ಅಡ್ಡ ನಿಂತರೆಂದರೆ ಯಾವ ಕಾಲೇಜಿನವರೂ ದೇಹವನ್ನು ಜುಲುಮೆಯಿಂದ ಒಯ್ಯುವದಿಲ್ಲ. ಕೇರಳದ ಹಿರಿಯ ಕಮ್ಯುನಿಸ್ಟ್ ಮುಖಂಡ ಎಂ. ಎಂ. ಲಾರೆನ್ಸರು 2024ರ ಸಪ್ಟೆಂಬರದಲ್ಲಿ ತೀರಿಕೊಂಡಾಗ, ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂಬದು ತಂದೆಯ ಇಚ್ಛೆಯೆಂದು ಮಗನೂ, ಅಲ್ಲವೆಂದು ಹೆಣ್ಣುಮಕ್ಕಳೂ ವಾದಿಸಿ ನ್ಯಾಯಾಲಯಕ್ಕೆ ಹೋದರು. ಅಲ್ಲಿಯ ಉಚ್ಚ ನ್ಯಾಯಾಲಯವು ದಾನವನ್ನೇ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಆ ದೇಹವು ಶವಾಗಾರದಲ್ಲಿಯೇ ಉಳಿದಿತ್ತು. ಎಲ್ಲರ ಎದುರಿಗೆ ಬರೆದ ಒಂದು ಹಾಳೆಯು ಇಷ್ಟೆಲ್ಲವನ್ನೂ ತಪ್ಪಿಸಬಹುದಾಗಿತ್ತು.

ಆದಕಾರಣ ದಾನ ಮಾಡಬಯಸುವವರು ಮೊದಲು ಹೆಂಡತಿ ಮಕ್ಕಳನ್ನು ಕೂಡ್ರಿಸಿಕೊಂಡು ಮಾತಾಡಬೇಕು. ಬಳಿಕ ಹತ್ತಿರದ ಮಹಾವಿದ್ಯಾಲಯದ ಅಂಗರಚನಾ ವಿಭಾಗಕ್ಕೆ ಹೋಗಿ ಅರ್ಜಿಯನ್ನು ತಂದು, ತಮ್ಮ ಸಹಿಯೊಡನೆ ಸಮೀಪದ ಸಂಬಂಧಿಗಳ ಸಹಿಯನ್ನೂ ಹಾಕಿಸಿ ಒಪ್ಪಿಸಬೇಕು. ವಿಭಾಗದ ದೂರವಾಣಿಯ ಸಂಖ್ಯೆಯು ಮನೆಯ ಗೋಡೆಯ ಮೇಲಿರಲಿ. ಮರಣವಾದೊಡನೆ ವೈದ್ಯರ ಪ್ರಮಾಣಪತ್ರವನ್ನು ಪಡೆದು ವಿಭಾಗಕ್ಕೆ ತಿಳಿಸಬೇಕು. ನಮ್ಮ ಹವೆಯಲ್ಲಿ ದೇಹವು ಬೇಗ ಕೆಡುವದರಿಂದ ಕೆಲವೇ ತಾಸುಗಳಲ್ಲಿ ಮುಟ್ಟಿಸಬೇಕು. ಅಲ್ಲಿ ತೊಡೆಯ ಅಥವಾ ಕೊರಳಿನ ಧಮನಿಯ ಮೂಲಕ ಫಾರ್ಮಾಲಿನ್ ಮೊದಲಾದ ದ್ರವವನ್ನು ಹಾಯಿಸಿ ದೇಹವು ಕೆಡದಂತೆ ಮಾಡುವರು. ಆರು ತಾಸಿನೊಳಗೆ ಕಣ್ಣುಗಳನ್ನೂ ಕೊಡಬಹುದು. ಮರಣೋತ್ತರ ಪರೀಕ್ಷೆಯಾದ ದೇಹವನ್ನೂ ಕೆಲವು ಸೋಂಕು ರೋಗಗಳಿಂದ ಸತ್ತವರ ದೇಹವನ್ನೂ ಸಾಮಾನ್ಯವಾಗಿ ಸ್ವೀಕರಿಸುವದಿಲ್ಲ. ಅಂಥ ಪ್ರಸಂಗದಲ್ಲಿ ಮನೆಯವರು ನೊಂದುಕೊಳ್ಳಬೇಕಾಗಿಲ್ಲ. ಮೆದುಳು ಸತ್ತು ಅಂಗಾಂಗಗಳನ್ನು ಬೇರೆಯವರಿಗೆ ಜೋಡಿಸುವ ದಾನವು 1994ರ ಬೇರೊಂದು ಕಾಯಿದೆಗೆ ಸೇರಿದ್ದು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮಹಾವಿದ್ಯಾಲಯಗಳ ಕರ್ತವ್ಯವನ್ನೂ ನಾವು ಹೇಳಲೇಬೇಕು. ಹುಡುಗರು ತಮ್ಮ ದೇಹವನ್ನು ಹಾಸ್ಯಕ್ಕೀಡು ಮಾಡುವರೆಂಬ ಸಂಶಯವು ಎಷ್ಟೋ ಜನರಲ್ಲಿದೆ. ಈಗ ಅನೇಕ ಕಾಲೇಜುಗಳಲ್ಲಿ ಮೊದಲ ದಿನವೇ ಮೃತದೇಹದೆದುರಿಗೆ ನಿಂತು ಗೌರವದಿಂದ ನಡೆ��ುಕೊಳ್ಳುವೆವೆಂದು ವಿದ್ಯಾರ್ಥಿಗಳಿಂದ ಪ್ರತಿಜ್ಞೆ ಮಾಡಿಸುವರು. ಇದು ಸ್ತುತ್ಯವಾದ ಪದ್ಧತಿಯು. ಇಷ್ಟಕ್ಕೇ ನಿಲ್ಲದೆ, ಆ ಪ್ರತಿಜ್ಞೆಯು ನಮ್ಮ ಊರುಗಳಲ್ಲಿ ಕನ್ನಡದಲ್ಲಿ ನಡೆಯಲಿ. ದಾನದ ಅರ್ಜಿಯು ಹಳ್ಳಿಯ ತಾಯಿಯೂ ಓದಿ ತಿಳಿಯುವಂಥ ಕನ್ನಡದಲ್ಲಿರಲಿ. ವರ್ಷಕ್ಕೊಂದು ದಿನ ದಾನಿಗಳ ಮನೆಯವರನ್ನು ಕರೆಯಿಸಿ ಸ್ಮರಣೆ ಮಾಡಲಿ. ಅಂದು ಹೆಸರಿಲ್ಲದವರನ್ನೂ ಮರೆಯದಿರಲಿ. ಯಾವನನ್ನಾದರೂ ಬೇವಾರಸು ಎಂದು ಬರೆಯುವ ಮೊದಲು ಅವನ ಊರು, ಬಳಗಗಳನ್ನು ಹುಡುಕುವ ಪ್ರಯತ್ನವು ಪ್ರಾಮಾಣಿಕವಾಗಿ ನಡೆಯಲಿ. ಪಾಠವು ಮುಗಿದ ಮೇಲೆ ಉಳಿದ ಅವಶೇಷಕ್ಕೆ ತಕ್ಕ ಸಂಸ್ಕಾರವಾಗಲಿ.

ಒಂದು ಮಾತನ್ನು ಹೇಳಿ ಮುಗಿಸುವೆವು. ಬೇವಾರಸು ಮನುಷ್ಯನು ಕೊಟ್ಟದ್ದನ್ನು ದಾನವೆನ್ನುವದು ಸರಿಯಲ್ಲ, ಏಕೆಂದರೆ ಅವನನ್ನು ಯಾರೂ ಕೇಳಲಿಲ್ಲ. ನಮ್ಮನ್ನು ಕೇಳುವವರಿದ್ದಾರೆ, ನಮಗೆ ಉತ್ತರ ಹೇಳುವ ಬಾಯಿಯಿದೆ, ಸಹಿ ಹಾಕುವ ಕೈಯಿದೆ. ಕೇಳಿಸಿಕೊಂಡೂ ಸುಮ್ಮನಿದ್ದು, ನಮ್ಮ ಮಕ್ಕಳ ವಿದ್ಯೆಯ ಭಾರವನ್ನು ದಿಕ್ಕಿಲ್ಲದವರ ಹೆಗಲಿಗೇ ಬಿಡುವದು ಸುಶಿಕ್ಷಿತರಿಗೆ ಒಪ್ಪುವದೇ? ಪರರಿಗೆ ಬುದ್ಧಿ ಹೇಳಿ ತಾವು ಹಿಂದೆ ಸರಿದರೆಂಬ ಅಪವಾದವು ಬರಬಾರದೆಂದು, ಈ ಲೇಖನಕ್ಕೆ ಕೈ ಹಚ್ಚುವ ಮೊದಲು ನಮ್ಮ ಮನೆಯವರೆಲ್ಲರನ್ನೂ ಕೂಡ್ರಿಸಿಕೊಂಡು ಮಾತಾಡಿ, ಅರ್ಜಿಗೆ ಸಹಿ ಮಾಡಿದ್ದೇವೆ. ಮಡದಿಯವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೂ ಒಂದು ಅರ್ಜಿಯನ್ನು ತರಿಸಿಕೊಂಡರು. ವಾಚಕರ ಮನೆಗಳಲ್ಲಿಯೂ ಈ ವಾರ ಇದೇ ಮಾತು ನಡೆಯಲಿ. ಮಾಸ್ತರರೇ, ಬದುಕಿನುದ್ದಕ್ಕೂ ಪಾಠ ಹೇಳಿದಿರಿ. ಇನ್ನೊಂದು ವರ್ಷದ ಪಾಠವು ನಿಮ್ಮಲ್ಲಿ ಉಳಿದಿದೆ.